ಮೂರೋ, ಆರೋ?

ನಮ್ಮದು ಮಂಡಕ್ಕಿ ಭಟ್ಟಿ. ನಾನು ಗಾಡಿ ಓಡಿಸಲು ಕಲಿತದ್ದು ಮಂಡಕ್ಕಿ ಚೀಲ ಹೇರಿದ ಟಾಟಾ 407 ಟೆಂಪೋದಲ್ಲಿ. ಈ ಮಾತನ್ನು ರ‍್ಯಾಲಿ ಮಂದಿಯ ಮುಂದೆ ಹೇಳಿದರೆ ನಗುತ್ತಾರೆ. ನಗಲಿ. ಮಂಡಕ್ಕಿ ಟೆಂಪೋ ಓಡಿಸಿದವನಿಗೇ ಅದರ ಕಷ್ಟ ಗೊತ್ತು. ತೂಕ ಏನೂ ಇಲ್ಲ, ಎತ್ತರ ಮಾತ್ರ ಕ್ಯಾಬಿನ್ನಿಗಿಂತ ಎಷ್ಟೋ ಮೇಲೆ. ಆಷಾಢದಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟರೆ ಭರಮಸಾಗರ ದಾಟುತ್ತಿದ್ದ ಹಾಗೇ ಗಾಳಿಯ ಆಟ ಶುರು. ದಿಬ್ಬ ಕಡಿದು ಮಾಡಿದ ರಸ್ತೆಯೊಳಗೆ ಇರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ದಿಬ್ಬ ಮುಗಿದು ಬಯಲು ಬಂದ ಕೂಡಲೇ ಗಾಳಿ ಪಕ್ಕೆಗೆ ಗುದ್ದುತ್ತದೆ, ಟೆಂಪೋ ಒಂದು ಮೊಳ ಜರುಗುತ್ತದೆ. ಅಪ್ಪ ಪಕ್ಕದಲ್ಲಿ ಎಲೆಅಡಿಕೆ ಜಗಿಯುತ್ತಾ ಕೂತು, "ಬರ್ತೈತಿ" ಅನ್ನುತ್ತಿದ್ದರು. ಅಷ್ಟೇ. ಅವರು ಅಂದು ಎರಡು ಸೆಕೆಂಡಿಗೆ ಗಾಳಿ ಬಂದಿರುತ್ತಿತ್ತು.

ಡಿಗ್ರಿ ಓದುವಾಗ ಒಂದು ದಿನ ಹೊಳಲ್ಕೆರೆಗೆ ಮಾಲು ಹಾಕಿ ಖಾಲಿ ಟೆಂಪೋದಲ್ಲಿ ಬರುತ್ತಿದ್ದೆ. ವಿಂಡ್‌ಮಿಲ್ ಗುಡ್ಡದ ಕೆಳಗೆ ಜನ ಸೇರಿದ್ದರು. ಏನೋ ಅಪಘಾತ ಆಗಿದೆ ಅಂದುಕೊಂಡು ನಿಲ್ಲಿಸಿದೆ. ಅಪಘಾತ ಅಲ್ಲ, ರ‍್ಯಾಲಿ. ಗುಡ್ಡದ ಮೈಮೇಲೆ ಕೆಂಪು ಧೂಳಿನ ಉದ್ದ ಬಾಲ ಓಡುತ್ತಿತ್ತು, ಬಾಲದ ತುದಿಯಲ್ಲಿ ಒಂದು ಬಿಳಿ ಜಿಪ್ಸಿ. ನಮ್ಮ ಹತ್ತಿರದ ತಿರುವಿಗೆ ಬಂದಾಗ ಅದು ಅಡ್ಡಡ್ಡವಾಗಿ ಜಾರಿಕೊಂಡೇ ತಿರುಗಿತು. ಜನರೆಲ್ಲ ಡ್ರೈವರನ್ನು ನೋಡುತ್ತಿದ್ದರು. ನನ್ನ ಕಣ್ಣು ಪಕ್ಕದ ಸೀಟಿನವನ ಮೇಲೆ ಬಿತ್ತು. ಅಷ್ಟು ವೇಗದಲ್ಲಿ ಅವನು ರಸ್ತೆ ನೋಡುತ್ತಲೇ ಇಲ್ಲ! ತಲೆ ಬಗ್ಗಿಸಿ ಪುಸ್ತಕ ಓದುತ್ತಿದ್ದಾನೆ, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ.

ಮನೆಗೆ ಬಂದು ಅವ್ವನಿಗೆ ವಿವರಿಸಲು ನೋಡಿದೆ. ರೇಸಿನ ಹಾಗೆ ಹತ್ತಾರು ಗಾಡಿ ಒಟ್ಟಿಗೆ ಓಡುವುದಲ್ಲ. ಒಂದೊಂದೇ ಗಾಡಿ, ಒಂದೆರಡು ನಿಮಿಷಕ್ಕೊಂದು ಬಿಡುತ್ತಾರೆ. ಸ್ಪೆಷಲ್ ಸ್ಟೇಜ್ ಅಂತ ಮುಚ್ಚಿದ ರಸ್ತೆ ಇರುತ್ತದೆ, ಅಲ್ಲಿ ಮಾತ್ರ ಜೋರು. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಎಲ್ಲರ ಹಾಗೆ ಟ್ರಾಫಿಕ್ ನಿಯಮ ಪಾಲಿಸಿಕೊಂಡು ಹೋಗಬೇಕು. ಎಲ್ಲ ಸ್ಟೇಜಿನ ಟೈಮ್ ಕೂಡಿಸಿ ಯಾರದು ಕಡಿಮೆಯೋ ಅವರು ಗೆದ್ದರು. "ಬೇರೆ ಗಾಡಿ ಜೊತೆ ಓಡೋದಲ್ಲ ಅವ್ವ, ಗಡಿಯಾರದ ಜೊತೆ" ಅಂದೆ.

ಅವ್ವ ಕೇರುತ್ತಿದ್ದ ಮೊರ ನಿಲ್ಲಿಸಲಿಲ್ಲ. "ಗಡಿಯಾರ ಯಾವತ್ತರ ಸೋತೈತೇನೋ?" ಅಂದಳು.

ಶುರು ಮಾಡಿದ್ದು ಟಿಎಸ್‌ಡಿ ರ‍್ಯಾಲಿಯಿಂದ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಇದಕ್ಕೆ ವಿಶೇಷ ಕಾರು ಬೇಡ, ಮನೆ ಮುಂದಿನ ಆಲ್ಟೋ ಸಾಕು. ವೇಗವಾಗಿ ಹೋದವರು ಇಲ್ಲಿ ಗೆಲ್ಲುವುದಿಲ್ಲ. ಇಂತಿಷ್ಟು ಸರಾಸರಿ ವೇಗದಲ್ಲಿ ಹೋಗಿ ಅಂತ ಕೊಡುತ್ತಾರೆ, ನೀವು ಸೆಕೆಂಡು ಲೆಕ್ಕದಲ್ಲಿ ಸರಿಯಾಗಿ ಹೋಗಬೇಕು. ದಾರಿಯಲ್ಲಿ ಎಲ್ಲೋ ಮರದ ಕೆಳಗೆ ಗಡಿಯಾರ ಹಿಡಿದು ಮಾರ್ಷಲ್ ಕೂತಿರುತ್ತಾರೆ. ಬೇಗ ಬಂದರೂ ಪೆನಾಲ್ಟಿ, ತಡವಾದರೂ ಪೆನಾಲ್ಟಿ. ದಾರಿ ತೋರಿಸಲು ಒಂದು ರೋಡ್‌ಬುಕ್ ಕೊಡುತ್ತಾರೆ. ಅದರಲ್ಲಿ ಪ್ರತಿ ತಿರುವಿಗೂ ಟ್ಯುಲಿಪ್ ಅನ್ನುವ ಪುಟ್ಟ ಚಿತ್ರ. ಚುಕ್ಕೆ ಇರುವ ಕಡೆಯಿಂದ ಬಂದಿದ್ದೀರಿ, ಬಾಣ ಇರುವ ಕಡೆ ಹೋಗಬೇಕು.

ಇದಕ್ಕೆ ಲೆಕ್ಕ ಬರುವ ಜೊತೆಗಾರ ಬೇಕಲ್ವಾ? ಚಿತ್ರದುರ್ಗದಲ್ಲಿ ನಮ್ಮ ಮಂಡಕ್ಕಿ ಗಿರಾಕಿಯೊಬ್ಬರ ಅಳಿಯ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ನನಗಿಂತ ಹದಿಮೂರು ವರ್ಷ ದೊಡ್ಡವರು. ವಿಷಯ ಹೇಳಿದ ತಕ್ಷಣ ಕ್ಯಾಲ್ಕುಲೇಟರ್ ಕೂಡ ಮುಟ್ಟದೆ, "36 ಕಿಲೋಮೀಟರ್ ಸರಾಸರಿ ಅಂದ್ರೆ ಒಂದು ಕಿಲೋಮೀಟರಿಗೆ ನೂರು ಸೆಕೆಂಡು. 40 ಅಂದ್ರೆ ತೊಂಬತ್ತು. ಇದೇನು ಮಹಾ ಕಣಪ್ಪ" ಅಂದರು. ಮಹಾ ಆಗಿದ್ದು ದನದ ಹಿಂಡು ಅಡ್ಡ ಬಂದಾಗ. ನಾಲ್ಕು ನಿಮಿಷ ಹೋಯಿತು. ಆ ನಾಲ್ಕು ನಿಮಿಷ ವಾಪಸ್ ಹಿಡಿಯುವ ಗಡಿಬಿಡಿಯಲ್ಲಿ ಒಂದು ಹಳ್ಳಿಯ ಗುಡಿ ಮುಂದೆ ಎಡಕ್ಕೆ ಹೋಗಬೇಕಾದವರು ನೇರ ಹೋದೆವು, ರಸ್ತೆ ಒಂದು ಕಣದಲ್ಲಿ ಮುಗಿಯಿತು. ನಾವು ಕೊನೆಯಿಂದ ಎರಡನೆಯವರು. ಕೊನೆಯವರು ದಾರಿಯಲ್ಲಿ ತಿಂಡಿಗೆ ನಿಂತಿದ್ದರಂತೆ.

ಹೀಗೆ ಎರಡು ವರ್ಷ. ಏಳೆಂಟು ಟಿಎಸ್‌ಡಿ, ಮಲೆನಾಡಿನ ಕಡೆ ಒಂದೆರಡು ಆಟೋಕ್ರಾಸ್, ಅಂದರೆ ಮಣ್ಣಿನ ಮೈದಾನದ ಓಟ. ಮೇಷ್ಟ್ರು ಕಲಿತರು, ನಾನೂ ಕಲಿತೆ. ಅದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ.

ರ‍್ಯಾಲಿಗೆ ಇಳಿಯಲು ಬೇಕಾದ ಲೈಸೆನ್ಸ್ ವಿಷಯವೂ ಎಲ್ಲರೂ ಅಂದುಕೊಂಡಷ್ಟು ಕಷ್ಟ ಅಲ್ಲ. ನಮ್ಮ ದೇಶದಲ್ಲಿ ಮೋಟಾರ್ ಸ್ಪೋರ್ಟ್ಸ್ ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ ಅನ್ನುವ ಫೆಡರೇಶನ್. ಡ್ರೈವಿಂಗ್ ಲೈಸೆನ್ಸ್ ಬೇಕು, ಡಾಕ್ಟರ್ ಸರ್ಟಿಫಿಕೇಟ್ ಬೇಕು, ರಕ್ತದ ಗುಂಪು ಬರೆಯಬೇಕು, ಫೀ ಕಟ್ಟಬೇಕು. ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್ ನಮ್ಮ ಮನೆಯವರನ್ನೆಲ್ಲ ಬಲ್ಲವರು. ಬಿ.ಪಿ. ನೋಡಿ, "ನಿಂದು ಸರಿ ಐತಿ, ನಿಮ್ಮಪ್ಪನ್ನ ಕರ್ಕೊಂಡು ಬಾ, ಅವರದು ನೋಡ್ಬೇಕು" ಅಂದರು.

ನಿಜವಾದ ಕಷ್ಟ ಕಾರು.

ಮಾರುತಿ ಜಿಪ್ಸಿ ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ. 1985ರಲ್ಲಿ ಬಂದ ಗಾಡಿ, 2019ರ ಹೊತ್ತಿಗೆ ನಿಂತೇ ಹೋಯಿತು. ಆದರೆ ರ‍್ಯಾಲಿಯಲ್ಲಿ ಅದಕ್ಕೆ ಸಾವಿಲ್ಲ. 1298 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, ಮೈ ಹಗುರ, ಸುತ್ತಿಗೆ ಸ್ಪ್ಯಾನರ್ ಇದ್ದರೆ ರಿಪೇರಿ. ಹರಾಜಿನಲ್ಲಿ ಬಂದ ಹಳೇ ಜಿಪ್ಸಿಯೊಂದು 2 ಲಕ್ಷ 10 ಸಾವಿರಕ್ಕೆ ಸಿಕ್ಕಿತು. ಒಂದು ಲಕ್ಷ ಅಪ್ಪ ಕೊಟ್ಟರು, ಉಳಿದದ್ದಕ್ಕೆ ಚೀಟಿ ಎತ್ತಿದೆ. ಪಿ.ಬಿ. ರೋಡಿನ ಹತ್ತಿರ ನಮ್ಮ ಟೆಂಪೋ ನೋಡಿಕೊಳ್ಳುವ ಮೆಕ್ಯಾನಿಕ್ ಇದ್ದಾರೆ, ನಾವೆಲ್ಲ ಚಾಚಾ ಅನ್ನುತ್ತೇವೆ. ಅವರು ಜಿಪ್ಸಿಯನ್ನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಎತ್ತಿ, ಕೆಳಗೆ ಮಲಗಿ ನೋಡಿ ಎದ್ದರು. "ಬೇಟಾ, ಎಂಜಿನ್ ಒಂದು ಚಲೋ ಐತಿ. ಉಳಿದಿದ್ದು ತುಕ್ಕು ಹಿಡ್ಕೊಂಡು ನಿಂತೈತಿ. ತುಕ್ಕು ಕೈ ಬಿಟ್ರೆ ಬೀಳ್ತದೆ" ಅಂದರು.

ಏಳು ತಿಂಗಳು ಬೇಕಾಯಿತು. ಗಾಡಿಯ ಒಳಗೆ ಲೋಹದ ಮೈ ಮಾತ್ರ ಬಿಟ್ಟು ಎಲ್ಲ ತೆಗೆದೆವು. ಸಸ್ಪೆನ್ಷನ್, ಕ್ಲಚ್, ಅಡಿಗೆ ಕಲ್ಲು ತಾಗದ ಹಾಗೆ ದಪ್ಪ ತಗಡು. ಆಮೇಲೆ ರೋಲ್ ಕೇಜ್. ಗಾಡಿ ಪಲ್ಟಿ ಹೊಡೆದರೆ ಒಳಗಿನವರ ತಲೆ ಉಳಿಸುವ ಪೈಪಿನ ಪಂಜರ ಅದು. ಇದನ್ನು ಮಾಡಿಸಲು ಬೇರೆ ಊರಿನ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಹೆಸರು ಬೇಡ. ಎಲ್ಲ ನಿಯಮದ ಪ್ರಕಾರವೇ ಅಂದರು, ಬಿಳಿ ಬಣ್ಣ ಬಳಿದು ಹೊಳೆಯುವ ಹಾಗೆ ಮಾಡಿ ಕಳಿಸಿದರು. ಪೂರ್ತಿ ದುಡ್ಡನ್ನೂ ಮೊದಲೇ ತೆಗೆದುಕೊಂಡಿದ್ದರು.

ಮೊದಲ ಸ್ಟೇಜ್ ರ‍್ಯಾಲಿಗೆ ಹೋದೆವು. ರ‍್ಯಾಲಿಯ ಹಿಂದಿನ ದಿನ ಸ್ಕ್ರೂಟಿನಿ ಇರುತ್ತದೆ. ಗಾಡಿ, ಹೆಲ್ಮೆಟ್, ಬೆಂಕಿ ತಡೆಯುವ ಓವರ್‌ಆಲ್, ಕುತ್ತಿಗೆ ಕಾಪಾಡುವ ಹ್ಯಾನ್ಸ್, ಬೆಂಕಿ ಆರಿಸುವ ಸಿಲಿಂಡರ್, ಎಲ್ಲ ಒಂದೊಂದಾಗಿ ನೋಡುತ್ತಾರೆ. ಬೆಲ್ಟಿಗೂ ಸೀಟಿಗೂ ವಯಸ್ಸಿದೆ, ಇಂಥ ವರ್ಷದವರೆಗೆ ಮಾತ್ರ ಅಂತ ಲೇಬಲ್ ಇರುತ್ತದೆ. ವಯಸ್ಸು ಮೀರಿದರೆ ಹೊಸದರ ಹಾಗೆ ಕಂಡರೂ ನಡೆಯುವುದಿಲ್ಲ. ನಮ್ಮದು ಅದೆಲ್ಲ ಸರಿ ಇತ್ತು. ಸ್ಕ್ರೂಟಿನಿ ಮಾಡುವ ಹಿರಿಯರು ಕೇಜಿನ ಹತ್ತಿರ ಬಂದು ಬೆರಳಿನಿಂದ ಪೈಪ್ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಆಮೇಲೆ ದಪ್ಪ ಅಳೆಯಲು ಬಿಟ್ಟಿರುವ ಸಣ್ಣ ತೂತಿಗೆ ಟಾರ್ಚ್ ಹಿಡಿದು ಕಣ್ಣಿಟ್ಟರು. ಬಾವಿಯೊಳಗೆ ಬಿದ್ದ ಕೊಡ ಹುಡುಕುವವರ ಹಾಗೆ ಬಹಳ ಹೊತ್ತು ನೋಡಿದರು.

"ಬಾ, ನೀನೂ ನೋಡು" ಅಂದರು.

ಒಳಗೆ ಪೈಪಿನ ಉದ್ದಕ್ಕೂ ಕೂದಲೆಳೆಯಂತೆ ಒಂದು ಗೆರೆ. ಬೆಸುಗೆಯ ಗೆರೆ. ಅಂದರೆ ತಗಡು ಸುತ್ತಿ ಬೆಸೆದು ಮಾಡಿದ ಪೈಪ್. ನಿಯಮದ ಪ್ರಕಾರ ಸೀಮ್‌ಲೆಸ್ ಪೈಪೇ ಆಗಬೇಕು, ಮುಖ್ಯ ಕಮಾನಿನ ಹೊರವ್ಯಾಸ 45 ಮಿಲಿಮೀಟರ್ ಆದರೆ ಅದರ ಗೋಡೆ ಎರಡೂವರೆ ಮಿಲಿಮೀಟರ್ ದಪ್ಪ ಇರಬೇಕು. ನಮ್ಮದು ಎರಡೂ ಅಲ್ಲ. "ನೀನು ಪಲ್ಟಿ ಹೊಡೆದ ದಿನ ಈ ಗೆರೆ ಬಿಡುತ್ತದೆ" ಅಂತ ಹೇಳಿ ಫಾರಂ ಮೇಲೆ ಅಡ್ಡ ಗೀಟು ಎಳೆದರು. ಎಂಟ್ರಿ ಫೀ ಹೋಯಿತು, ಟೈರಿಗೆ ಕೊಟ್ಟ ದುಡ್ಡು ಮಾತ್ರ ಉಳಿಯಿತು. ಆವತ್ತು ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾಪಸ್ ಬರುವಾಗ ಚಾಚಾ ಟೆಂಪೋದಲ್ಲಿ ಒಂದು ಮಾತೂ ಆಡಲಿಲ್ಲ. ಗ್ಯಾರೇಜಿಗೆ ಬಂದವರು ಕಟರ್ ತೆಗೆದುಕೊಂಡು ಆ ಹೊಳೆಯುವ ಕೇಜನ್ನು ತುಂಡುತುಂಡು ಮಾಡಿ ಗುಜರಿಯವನಿಗೆ ಹಾಕಿದರು. ಆಮೇಲೆ ಸರಿಯಾದ ಪೈಪ್ ತರಿಸಿ, ಬಾಗಿಸಲು ಬೆಂಗಳೂರಿಗೆ ಎರಡು ಸಲ ಹೋಗಿ, ತಾವೇ ನಿಂತು ಕಟ್ಟಿಸಿದರು.

ಆ ತಿಂಗಳುಗಳಲ್ಲೇ ನಾವು ಪೇಸ್ ನೋಟ್ಸ್, ಅಂದರೆ ಮುಂದಿನ ರಸ್ತೆ ಹೇಗಿದೆ ಅಂತ ಮೊದಲೇ ಬರೆದಿಟ್ಟು ಓಡುವಾಗ ಓದಿ ಹೇಳುವ ಟಿಪ್ಪಣಿ, ಕಲಿತದ್ದು. ನನ್ನ ಲೆಕ್ಕದಲ್ಲಿ ರ‍್ಯಾಲಿ ಅಂದರೆ ಇದೇ. ಗೇರು, ಬ್ರೇಕು, ಜಾರಿಸುವುದು, ಇದೆಲ್ಲ ಅಭ್ಯಾಸದಿಂದ ಬರುತ್ತದೆ. ಕಾಣದ ತಿರುವಿಗೆ ಇನ್ನೊಬ್ಬರ ಬಾಯಿಮಾತು ನಂಬಿ ಹೋಗುವುದು ಅಷ್ಟು ಸುಲಭವಾಗಿ ಬರುವುದಿಲ್ಲ.

ರ‍್ಯಾಲಿಗೆ ಮೊದಲು ರೆಕ್ಕಿ ಇರುತ್ತದೆ. ಸ್ಟೇಜಿನಲ್ಲಿ ಸಾಮಾನ್ಯವಾಗಿ ಎರಡು ಸಲ ನಿಧಾನವಾಗಿ ಹೋಗಲು ಬಿಡುತ್ತಾರೆ. ಮೊದಲ ಸಲ ನಾನು ರಸ್ತೆ ನೋಡಿ ಹೇಳುತ್ತೇನೆ, ಮೇಷ್ಟ್ರು ಬರೆಯುತ್ತಾರೆ. ಎರಡನೇ ಸಲ ಅವರು ಓದುತ್ತಾರೆ, ನಾನು ತಿದ್ದುತ್ತೇನೆ. ಪೆನ್ ಅಲ್ಲ, ಪೆನ್ಸಿಲ್. ಬೆವರಿಗೂ ಮಳೆಗೂ ಪೆನ್ನಿನ ಶಾಯಿ ಹರಡುತ್ತದೆ. ತಿರುವಿಗೆ ಒಂದರಿಂದ ಆರರವರೆಗೆ ನಂಬರ್. ಒಂದು ಅಂದರೆ ಮೊಣಕೈ ಮಡಚಿದಂಥ ತಿರುವು. ಆರು ಅಂದರೆ ತಿರುವು ಅನ್ನಿಸುವುದೇ ಇಲ್ಲ, ಆಕ್ಸಿಲರೇಟರ್ ಬಿಡಬೇಕಾಗಿಲ್ಲ. ನಡುವೆ ಎಷ್ಟು ಮೀಟರ್ ನೇರ, ಎಲ್ಲಿ ದಿಬ್ಬ, ಎಲ್ಲಿ ಕಲ್ಲು, ಎಲ್ಲಿ ತಿರುವು ಹೋಗುತ್ತಾ ಹೋಗುತ್ತಾ ಬಿಗಿಯಾಗುತ್ತದೆ, ಎಲ್ಲ ಸೇರಿಸಬೇಕು.

ನಾನು ಕಲಿತದ್ದೆಲ್ಲ ಕನ್ನಡದಲ್ಲಿ, ಮೇಷ್ಟ್ರು ಪಾಠ ಮಾಡುವುದೂ ಕನ್ನಡದಲ್ಲಿ. ಹಾಗಾಗಿ ನೋಟ್ಸೂ ಕನ್ನಡದಲ್ಲೇ ಇರಲಿ ಅಂದೆವು. ಮೇಷ್ಟ್ರಿಗೆ ಭಾರಿ ಖುಷಿ. "ಬಲ ಐದು, ಎಪ್ಪತ್ತು, ದಿಬ್ಬ, ಎಡ ಮೂರು ಬಿಗಿ, ಒಳಗೆ ಕಲ್ಲು." ಹೇಳಿ ನೋಡಿ, ಎಷ್ಟು ಚಂದ ಇದೆ.

ಅಭ್ಯಾಸಕ್ಕೆ ವಿಂಡ್‌ಮಿಲ್ ಗುಡ್ಡದ ರಸ್ತೆಗಳೇ ಸಿಕ್ಕವು. ದೈತ್ಯ ರೆಕ್ಕೆಗಳನ್ನು ಮೇಲೆ ಸಾಗಿಸಲು ಮಾಡಿದ ಅಗಲವಾದ ಕೆಂಪು ಮಣ್ಣಿನ ರಸ್ತೆ. ಕಂಪನಿಯ ಆಫೀಸಿನಲ್ಲಿ ಕೇಳಿದೆವು. ಮೂವತ್ತರ ಮೇಲೆ ಹೋಗಬಾರದು, ಭಾನುವಾರ ಬೆಳಿಗ್ಗೆ ಮಾತ್ರ ಅಂತ ಒಪ್ಪಿದರು. ಗೇಟಿನ ಸೆಕ್ಯುರಿಟಿಯವರು ಮೊಳಕಾಲ್ಮೂರು ಕಡೆಯವರು, ಪುಸ್ತಕದಲ್ಲಿ ಹೆಸರು ಬರೆಸಿಕೊಂಡು, "ಮೂವತ್ತರಾಗೆ ಹೋಗೋಕೆ ರ‍್ಯಾಲಿ ಯಾಕ್ರೀ, ಎತ್ತಿನಗಾಡಿ ಸಾಕಲ್ಲ" ಅಂತ ನಗುತ್ತಿದ್ದರು.

ಅಲ್ಲೊಂದು ವಿಚಿತ್ರ ಇದೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ವಿಂಡ್‌ಮಿಲ್ಲಿನ ರೆಕ್ಕೆಯ ನೆರಳು ರಸ್ತೆಯನ್ನು ಅಡ್ಡಕ್ಕೆ ಸವರಿಕೊಂಡು ಹೋಗುತ್ತದೆ. ಒಂದು ಹೋದ ಮೇಲೆ ಇನ್ನೊಂದು. ಮೇಲೆ ವೂಂ, ವೂಂ ಅಂತ ಸದ್ದು. ಕೆಂಪು ಮಣ್ಣಿನ ಮೇಲೆ ಕಪ್ಪು ನೆರಳು ಓಡಿ ಬಂದಾಗ ಏನೋ ಅಡ್ಡ ಬಂತು ಅಂತ ಕಾಲು ತಾನೇ ಬ್ರೇಕಿಗೆ ಹೋಗುತ್ತಿತ್ತು. ಮೂವತ್ತರ ವೇಗದಲ್ಲೂ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ, "ನಾನು ನಾಯಿ ಅಂದ್ನಾ? ಎಮ್ಮೆ ಅಂದ್ನಾ? ಮತ್ತೆ ಯಾಕೆ ಬ್ರೇಕು?" ಅನ್ನುತ್ತಿದ್ದರು. ನಾಲ್ಕು ತಿಂಗಳಾದ ಮೇಲೆ ನೆರಳಿಗೆ ನನ್ನ ಕಾಲು ಸುಮ್ಮನಿರುವುದನ್ನು ಕಲಿಯಿತು.

2019ರ ಕೊನೆಗೆ ಸ್ಕ್ರೂಟಿನಿ ಪಾಸಾಗಿ ಮೊದಲ ರ‍್ಯಾಲಿ ಮುಗಿಸಿದೆವು. ಮುಗಿಸಿದೆವು ಅನ್ನುವುದೇ ದೊಡ್ಡದು. ಆಮೇಲೆ ಕೊರೊನಾ ಬಂತು, ಜಿಪ್ಸಿ ಭಟ್ಟಿಯ ಹಿಂದೆ ಟಾರ್ಪಾಲ್ ಹೊದ್ದು ಮಲಗಿತು. ಅದು ಎದ್ದ ಮೇಲೆ ಚಿಕ್ಕಮಗಳೂರಿನ ಕಾಫಿ ತೋಟದ ಸ್ಟೇಜುಗಳಿಗೆ ಹೋದೆವು.

ತೋಟದ ಸ್ಟೇಜ್ ನಮ್ಮ ಬಯಲುಸೀಮೆಯ ಹಾಗಲ್ಲ. ಗುಡ್ಡದ ಮೇಲೆ ತಪ್ಪಿದರೆ ಎಲ್ಲೋ ಬಯಲಿಗೆ ಹೋಗಿ ನಿಲ್ಲಬಹುದು. ತೋಟದಲ್ಲಿ ಎರಡೂ ಕಡೆ ಸಿಲ್ವರ್ ಓಕ್ ಮರ. ಒಂದು ಗೇಣು ಆಚೀಚೆ ಆದರೂ ಮರ ಜಾಗ ಬಿಡುವುದಿಲ್ಲ. ಹಿಂದಿನ ರಾತ್ರಿ ಮಳೆ ಬೇರೆ ಬಂದಿತ್ತು. ನಾಲ್ಕನೇ ಸ್ಟೇಜ್. ಮಾರ್ಷಲ್ ಕೈಬೆರಳು ಮಡಚುತ್ತಾ ಐದು, ನಾಲ್ಕು, ಮೂರು ಎಣಿಸಿ ಬಿಟ್ಟರು. ಆರಂಭ ಚೆನ್ನಾಗಿತ್ತು. ನನಗೇ ಆಶ್ಚರ್ಯ ಆಗುವಷ್ಟು ಚೆನ್ನಾಗಿತ್ತು. ಮಣ್ಣು ಹಿಡಿತ ಕೊಡುತ್ತಿತ್ತು, ಹೆಲ್ಮೆಟ್ಟಿನೊಳಗಿನ ಇಂಟರ್‌ಕಾಮ್‌ನಲ್ಲಿ ಮೇಷ್ಟ್ರ ಧ್ವನಿ ಮಗ್ಗಿ ಹೇಳುವ ಹಾಗೆ ಒಂದೇ ಲಯದಲ್ಲಿ ಬರುತ್ತಿತ್ತು.

"ಐವತ್ತು, ದಿಬ್ಬ, ಬಲ ಆರು."

ದಿಬ್ಬದ ಮೇಲೆ ಕಾಲು ಎತ್ತಲಿಲ್ಲ. ನಾಲ್ಕನೇ ಗೇರು. ಗಾಡಿ ಹಗುರಾಯಿತು, ಇಳಿಯಿತು, ಎದುರಿಗೆ ರಸ್ತೆ ಇರಲಿಲ್ಲ. ರಸ್ತೆ ಬಲಗಡೆ ಬಹಳ ಹಿಂದೆಯೇ ತಿರುಗಿ ಹೋಗಿತ್ತು. ಕಾಫಿ ಗಿಡಗಳು ಬಾನೆಟ್ ಮೇಲೆ ಬಡಿಯುವ ಸದ್ದು ಕೇಳಿಸಿತು. ಆಮೇಲೆ ಹಿಂದಿನ ಎಡಗಡೆ ಒಂದು ಹೊಡೆತ, ಆಕಾಶ ಪಕ್ಕದ ಕಿಟಕಿಗೆ ಬಂತು, ಗಾಡಿ ಎಡಮಗ್ಗುಲಿಗೆ ಮಲಗಿತು.

ಚಾಚಾ ಕಟ್ಟಿಸಿದ ಕೇಜ್ ಅಲುಗಾಡಲಿಲ್ಲ.

ಇಂಥ ಹೊತ್ತಿಗೆ ಏನು ಮಾಡಬೇಕು ಅನ್ನುವುದನ್ನು ಬಾಯಿಪಾಠ ಮಾಡಿಸಿರುತ್ತಾರೆ, ಅದು ಒಳ್ಳೆಯದೇ, ಯಾಕಂದರೆ ಆಗ ಯೋಚನೆ ಓಡುವುದಿಲ್ಲ. ಮೊದಲು ಕಟ್‌ಆಫ್ ಸ್ವಿಚ್ ಒತ್ತಿ ಕರೆಂಟ್ ನಿಲ್ಲಿಸಬೇಕು. ಹೊರಗೆ ಬರಬೇಕು. ಹಿಂದೆ ಕನಿಷ್ಠ ಐವತ್ತು ಮೀಟರ್ ದೂರದಲ್ಲಿ ಕೆಂಪು ತ್ರಿಕೋನ ಇಡಬೇಕು. ರೋಡ್‌ಬುಕ್ಕಿನ ಜೊತೆ ಕೊಟ್ಟ ಓಕೆ ಬೋರ್ಡನ್ನು ಮುಂದಿನ ಗಾಡಿಗೆ ಹಿಡಿದು ತೋರಿಸಬೇಕು. ಪೆಟ್ಟಾಗಿದ್ದರೆ ಅದರ ಇನ್ನೊಂದು ಮಗ್ಗುಲಿನ ಎಸ್‌ಓಎಸ್ ತೋರಿಸಬೇಕು, ಅದನ್ನು ಕಂಡ ಗಾಡಿ ನಿಲ್ಲಲೇಬೇಕು. ಮುಂದಿನ ಗಾಡಿ ಎರಡು ನಿಮಿಷದಲ್ಲಿ ಅದೇ ದಿಬ್ಬ ಹಾರಿ ಬರುತ್ತದೆ. ನಲವತ್ತು ದಾಟಿದ ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡೇ ತ್ರಿಕೋನ ಹಿಡಿದು ಕೆಸರಿನಲ್ಲಿ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಇಬ್ಬರಿಗೂ ಏನೂ ಆಗಿರಲಿಲ್ಲ. ಮೇಷ್ಟ್ರ ಕನ್ನಡಕ ಮಾತ್ರ ಹೋಗಿತ್ತು.

ಸ್ಟೇಜ್ ಮುಗಿದು, ಗಾಡಿ ಎಳೆಯುವವರು ಬರುವವರೆಗೆ ಅಲ್ಲೇ ಕೂತೆವು. ತೋಟದಲ್ಲಿ ಕೆಲಸ ಮಾಡುವ ಅಜ್ಜಿಯೊಬ್ಬರು ನೀರು ತಂದುಕೊಟ್ಟರು. ಮುರಿದ ಗಿಡಗಳನ್ನು ನೋಡಿದರು, ಗಾಡಿ ನೋಡಿದರು, ನಮ್ಮನ್ನು ನೋಡಿದರು.

"ಇದಕ್ಕೆ ನಿಮಗೆ ಎಷ್ಟು ದುಡ್ಡು ಕೊಡ್ತಾರೆ ಮಗ?"

"ನಾವೇ ಕೊಡ್ತೀವಿ ಅಜ್ಜಿ."

ಅಜ್ಜಿ ಚೊಂಬು ವಾಪಸ್ ತೆಗೆದುಕೊಂಡು ಏನೂ ಹೇಳದೆ ಹೋದರು.

ರಾತ್ರಿ ರೂಮಿನಲ್ಲಿ ಗಾಡಿಯೊಳಗಿನ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿದೆವು. ಯಾರ ತಪ್ಪು ಅಂತ ಇಬ್ಬರೂ ಬಾಯಿಬಿಟ್ಟು ಕೇಳಿರಲಿಲ್ಲ. ಮೇಷ್ಟ್ರ ಪುಸ್ತಕದಲ್ಲಿ "ಬಲ 3" ಅಂತಲೇ ಇತ್ತು. ರೆಕಾರ್ಡಿಂಗಿನಲ್ಲಿ ಮೊದಲ ಸಲ ಕೇಳಿದಾಗ ಆರು ಅನ್ನಿಸಿತು. ಎರಡನೇ ಸಲ ಮೂರು. ಮೂರನೇ ಸಲ ಚಾಚಾ, "ನಂಗೆ ನೂರು ಕೇಳ್ತು" ಅಂದರು. ಮೇಷ್ಟ್ರು ಹಾಸಿಗೆ ಮೇಲೆ ಕೂತು ಬಹಳ ಹೊತ್ತು ಗೋಡೆ ನೋಡಿದರು. ಆಮೇಲೆ ಒಂದೊಂದೇ ಹೇಳಿದರು, "ಮೂರು. ಆರು. ನೂರು." ಎಂಜಿನ್ ಸದ್ದಿನಲ್ಲಿ ಮೊದಲ ಅಕ್ಷರ ಮುಳುಗಿದರೆ ಉಳಿಯುವ ಬಾಲ ಒಂದೇ. ಒಂದು ಬ್ರೇಕ್ ಹಾಕು ಅನ್ನುತ್ತದೆ, ಇನ್ನೊಂದು ಒತ್ತು ಅನ್ನುತ್ತದೆ, ಮತ್ತೊಂದು ನೂರು ಮೀಟರ್ ನೇರ ಇದೆ ಅನ್ನುತ್ತದೆ. "ಎಡ ಎರಡು" ಕೂಡ ಹಾಗೇ, ಬೇಗ ಹೇಳಿದರೆ ಕಲಸಿಹೋಗುತ್ತದೆ. ಎರಡು ವರ್ಷ ಮೂವತ್ತರ ವೇಗದಲ್ಲಿ ಅಭ್ಯಾಸ ಮಾಡಿದಾಗ ಇದು ಗೊತ್ತೇ ಆಗಿರಲಿಲ್ಲ, ಅಲ್ಲಿ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಪ್ರಾಸ ಪದ್ಯಕ್ಕೆ ಚಂದ ಕಣಪ್ಪ" ಅಂದರು ಮೇಷ್ಟ್ರು. "ಇಲ್ಲಿ ಬೇಡ."

ಆ ರಾತ್ರಿಯೇ ಹೊಸ ಭಾಷೆ ಮಾಡಿದೆವು. ನಂಬರುಗಳೆಲ್ಲ ಇಂಗ್ಲಿಷಿಗೆ ಹೋದವು. ತ್ರೀ ಮತ್ತು ಸಿಕ್ಸ್ ಎಷ್ಟೇ ಗದ್ದಲದಲ್ಲೂ ಒಂದಕ್ಕೊಂದು ಅಂಟುವುದಿಲ್ಲ. ಎಡ, ಬಲ ಮಾತ್ರ ಹಾಗೇ ಉಳಿದವು. ಲೆಫ್ಟ್ ಅಂದರೆ ನನಗೆ ಅರೆಕ್ಷಣ ಯೋಚನೆ ಬೇಕು, ಎಡ ಅಂದರೆ ಕೈಯೇ ತಿರುಗುತ್ತದೆ. ದಿಬ್ಬ ದಿಬ್ಬವೇ. ಕಾಷನ್ ಅನ್ನುವುದಕ್ಕೆ ನಮ್ಮ ಕಡೆಯ "ಜ್ವಾಕಿ". ಅಪಾಯ ಜಾಸ್ತಿ ಇದ್ದರೆ ಎರಡು ಸಲ ಜ್ವಾಕಿ. ದಿಬ್ಬದ ಹಿಂದೆ ಅಡಗಿ ಕೂತ ತಿರುವಿಗೆ ನಾನೇ ಒಂದು ಶಬ್ದ ಕೊಟ್ಟೆ, "ಬರ್ತೈತಿ". ಅದನ್ನು ಕೇಳಿದರೆ ನನ್ನ ಕಾಲು ಕೇಳದೆ ಹೋಗುವುದಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಇದರಲ್ಲಿ ಜೀವನ ನಡೆಯುತ್ತದಾ?

ನಡೆಸಿದವರು ಇದ್ದಾರೆ. ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದರು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಸ್ಪೋರ್ಟ್ಸ್‌ನವರಿಗೆ ಅದೇ ಮೊದಲು. ನಮ್ಮ ಮೇಷ್ಟ್ರಿಗೆ ಗಿಲ್‌ಗಿಂತ ಕಾಸರಗೋಡಿನ ಮೂಸಾ ಶರೀಫ್ ಮೇಲೆ ಭಕ್ತಿ ಜಾಸ್ತಿ, ಯಾಕಂದರೆ ಅವರು ಎಡಗಡೆ ಸೀಟಿನವರು. ಗಿಲ್ ಪಕ್ಕದಲ್ಲೂ ಕೂತು ನೋಟ್ಸ್ ಓದಿದವರು. ಟೈರ್ ಕಂಪನಿಯೋ ಕಾರ್ ಕಂಪನಿಯೋ ಕರೆದು ತಂಡಕ್ಕೆ ಸೇರಿಸಿಕೊಂಡರೆ ಖರ್ಚು ಅವರದು, ಕೈಗೂ ಏನಾದರೂ ಬರುತ್ತದೆ. ಅಂಥ ಸೀಟು ದೇಶದಲ್ಲಿ ಬೆರಳೆಣಿಕೆ. ಉಳಿದ ನಾವೆಲ್ಲ ನ್ಯಾಷನಲ್ ಚಾಂಪಿಯನ್‌ಶಿಪ್ಪಿನ ಹಿಂದಿನ ಸಾಲಿನಲ್ಲಿ ನಮ್ಮದೇ ದುಡ್ಡಿನ ಧೂಳು ತಿನ್ನುವವರು. ಈ ಚಾಂಪಿಯನ್‌ಶಿಪ್ 1988ರಿಂದ ನಡೆಯುತ್ತಿದೆ, ಹಿಂದಿನ ಸಾಲೂ ಅಂದಿನಿಂದ ಖಾಲಿಯಾಗಿಲ್ಲ.

ಕಳೆದ ಸೀಸನ್ನಿನ ನನ್ನ ಲೆಕ್ಕ ಹೇಳುತ್ತೇನೆ. ಖರ್ಚು 4 ಲಕ್ಷ 80 ಸಾವಿರ. ಅದರಲ್ಲಿ ಟೈರೇ ಮೂರರಲ್ಲಿ ಒಂದು ಪಾಲು. ಬಹುಮಾನ ಬಂದದ್ದು 35 ಸಾವಿರ, ನಮ್ಮ ಕ್ಲಾಸಿನಲ್ಲಿ, ಅಂದರೆ ನಮ್ಮಂಥ ಗಾಡಿಗಳ ಗುಂಪಿನಲ್ಲಿ, ಒಮ್ಮೆ ಮೂರನೇ ಸ್ಥಾನ. (ಸ್ಥಾನ ಮೂರೇ, ಆರಲ್ಲ. ಮೇಷ್ಟ್ರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.) ಹೊಸಬರಿಗೆ ಮಣ್ಣಿನ ರಸ್ತೆಯಲ್ಲಿ ಓಡಿಸುವುದನ್ನು ಕಲಿಸಿ ಸ್ವಲ್ಪ, ಬೇರೆಯವರಿಗೆ ಒಂದು ರ‍್ಯಾಲಿಗೆ ಜಿಪ್ಸಿ ಬಾಡಿಗೆ ಕೊಟ್ಟು ಸ್ವಲ್ಪ. ಒಬ್ಬ ವ್ಯಾಪಾರಿ ಬಾಗಿಲ ಮೇಲೆ ಅಂಗಡಿ ಹೆಸರು ಹಾಕಿಸಿದರೆ ಐವತ್ತು ಸಾವಿರ ಕೊಡುತ್ತೇನೆ ಅಂದಿದ್ದರು. ಹಾಕಿಸಿದೆವು, ಸ್ಟಿಕ್ಕರಿನ ದುಡ್ಡೂ ನಮ್ಮದೇ. ಇನ್ನೂ ಕೊಡುತ್ತಲೇ ಇದ್ದಾರೆ. ಸ್ಟಿಕ್ಕರ್ ಕಿತ್ತರೂ ಅಂಟಿನ ಗುರುತು ಹೋಗಿಲ್ಲ. ಕೊರತೆ ಬಿದ್ದದ್ದನ್ನೆಲ್ಲ ತುಂಬಿದ್ದು ಮಂಡಕ್ಕಿ.

ಮಂಡಕ್ಕಿಯಿಂದ ಇನ್ನೊಂದು ಉಪಕಾರವೂ ಆಗಿದೆ. ನಮ್ಮ ಸರ್ವಿಸ್ ವ್ಯಾನ್ ಅಂದರೆ ಅದೇ 407. ಸರ್ವಿಸ್ ಪಾರ್ಕಿನಲ್ಲಿ ಗಾಡಿ ರಿಪೇರಿಗೆ ಇಪ್ಪತ್ತು ನಿಮಿಷವೋ ಮೂವತ್ತು ನಿಮಿಷವೋ ಕೊಡುತ್ತಾರೆ, ಮೀರಿದರೆ ಪೆನಾಲ್ಟಿ. ಟೈಮ್ ಕಂಟ್ರೋಲ್ ಅಂತ ಗಾಡಿ ಬಂದ ಹೊತ್ತು ಬರೆದುಕೊಳ್ಳುವ ಚೌಕಿ ಇರುತ್ತದೆ, ಅಲ್ಲಿಗೆ ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡು, ಒಂದು ನಿಮಿಷ ಬೇಗ ಹೋದರೆ ಇಡೀ ಒಂದು ನಿಮಿಷ. ಬೇಗ ಬಂದವರಿಗೇ ಜಾಸ್ತಿ ಶಿಕ್ಷೆ, ನಮ್ಮ ಸರ್ಕಾರಿ ಆಫೀಸುಗಳಿಗೆ ಈ ನಿಯಮ ಇಷ್ಟವಾಗಬಹುದು. ದೊಡ್ಡ ತಂಡಗಳ ಡೇರೆಯಲ್ಲಿ ಫ್ಯಾನು, ಫ್ರಿಜ್ಜು, ಬಿಡಿಭಾಗ ಜೋಡಿಸಿಟ್ಟ ಕಪಾಟು. ನಮ್ಮ ಟೆಂಪೋದಲ್ಲಿ ಎರಡು ಗೇರ್‌ಬಾಕ್ಸು, ಆರು ಟೈರು, ಒಂದು ಸ್ಟವ್. ಸಂಜೆ ಚಾಚಾ ಒಗ್ಗರಣೆ ಹಾಕಿ ಖಾರ ಮಂಡಕ್ಕಿ ಕಲಸುತ್ತಾರೆ, ಮೆಣಸಿನಕಾಯಿ ಬಜ್ಜಿ ಕರಿಯುತ್ತಾರೆ. ವಾಸನೆಗೆ ಫ್ರಿಜ್ಜಿನ ಡೇರೆಯವರೂ ಬರುತ್ತಾರೆ. ಒಮ್ಮೆ ನಮ್ಮ ಡ್ರೈವ್‌ಶಾಫ್ಟ್ ಮುರಿದಾಗ ಎದುರಾಳಿ ತಂಡದವರೇ ತಮ್ಮದನ್ನು ಬಿಚ್ಚಿಕೊಟ್ಟರು, ಎರಡು ಪ್ಲೇಟ್ ಬಜ್ಜಿ ತಿಂದ ಋಣಕ್ಕೆ.

ಅಪ್ಪ ಈವರೆಗೆ ಒಂದು ರ‍್ಯಾಲಿಗೂ ಬಂದಿಲ್ಲ. ಭಾನುವಾರ ಭಟ್ಟಿ ಬಿಟ್ಟು ಬರಲು ಆಗುವುದಿಲ್ಲ ಅನ್ನುತ್ತಾರೆ. ಆದರೆ ಟೆಂಪೋಗೆ ಡೀಸೆಲ್ ಯಾರೋ ತುಂಬಿಸಿಟ್ಟಿರುತ್ತಾರೆ.

ಈ ವರ್ಷ ಜೂನ್‌ನಲ್ಲಿ ಮೇಷ್ಟ್ರಿಗೆ ಯಾದಗಿರಿಗೆ ವರ್ಗ ಆಯಿತು. ಬಡ್ತಿ, ಬೇಡ ಅನ್ನುವ ಹಾಗಿಲ್ಲ. ಹೋಗುವ ಮುಂಚೆ ನೋಟ್ಸಿನ ಹನ್ನೊಂದು ಪುಸ್ತಕ, ಎರಡು ಡಜನ್ ಪೆನ್ಸಿಲ್ ನನಗೆ ಕೊಟ್ಟು, "ಮೆಂಡರ್ ನಾನೇ ಇಟ್ಕೊಂಡಿದೀನಿ" ಅಂದರು.

ಹೊಸ ನ್ಯಾವಿಗೇಟರ್ ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಓದುವ ಹುಡುಗಿ, ಊರು ಉಡುಪಿ ಕಡೆ. ಎರಡು ಟಿಎಸ್‌ಡಿ ಗೆದ್ದಿದ್ದಾಳೆ, ಲೆಕ್ಕದಲ್ಲಿ ಮೇಷ್ಟ್ರಿಗಿಂತ ಚುರುಕು. ಹೋದ ಭಾನುವಾರ ವಿಂಡ್‌ಮಿಲ್ ಗುಡ್ಡಕ್ಕೆ ಕರೆದುಕೊಂಡು ಹೋದೆ. ಹಳೇ ಪುಸ್ತಕ ತೆರೆದು ಮೊದಲ ಪುಟದಲ್ಲೇ ನಿಂತಳು.

"ಅಣ್ಣ, ಈ ಜ್ವಾಕಿ ಅಂದ್ರೆ ಎಷ್ಟು ಜ್ವಾಕಿ? ಬ್ರೇಕ್ ಹಾಕುವಷ್ಟಾ, ಕಾಲು ತೆಗೆಯುವಷ್ಟಾ?"

ಹೇಳಲು ಹೋದೆ, ಬಾಯಿಗೆ ಬರಲಿಲ್ಲ. ಮೇಷ್ಟ್ರ ಧ್ವನಿಯಲ್ಲಿ ಅದು ಗೊತ್ತಾಗುತ್ತಿತ್ತು. ಇವಳು "ಬರ್ತೈತಿ" ಅಂದಾಗ ನನಗೆ ನಗು ಬಂತು, ಅವಳ ಬಾಯಲ್ಲಿ ಅದು "ಬರ್ತದೆ" ಅಂತ ತಿರುಗಿಬಿಡುತ್ತದೆ. ತಿರುವು ಒಂದಕ್ಕೆ ಅರ್ಧ ಸೆಕೆಂಡು ತಡವಾಗಿ ಓದುತ್ತಾಳೆ. ನಾನು ಅರ್ಧ ಸೆಕೆಂಡು ಬೇಗ ಬ್ರೇಕ್ ಹಾಕುತ್ತೇನೆ. ರೆಕ್ಕೆಯ ನೆರಳು ಬಂದಾಗ ನನ್ನ ಕಾಲು ಮತ್ತೆ ಎದ್ದಿತು.

ಏಳು ಸಲ ಅದೇ ರಸ್ತೆ ಓಡಿಸಿದೆವು. ಬಿಸಿಲೇರಿದ ಮೇಲೆ ಗೇಟಿನಲ್ಲಿ ಸಹಿ ಹಾಕಿ ಹೊರಟೆವು. ಮುಂದಿನ ಭಾನುವಾರ ಆರೂವರೆಗೆ ಮತ್ತೆ ಬರಬೇಕು. ಸೆಕ್ಯುರಿಟಿಯವರು ಎರಡು ಸೇರು ಮಂಡಕ್ಕಿ ತರಲು ಹೇಳಿದ್ದಾರೆ.